ಕೆಂಪು ಔಷಧ ಆದಮೇಲೆ ನಾಲ್ಕು ಮಾತ್ರೆ

ಡಾಕ್ಸೊರುಬಿಸಿನ್ ಅಂದರೆ ಕೀಮೋ ವಾರ್ಡಿನಲ್ಲಿ ಅರ್ಧ ಜನಕ್ಕೆ ಗೊತ್ತಾಗುವುದಿಲ್ಲ. ಕೆಂಪು ಔಷಧ ಅಂದರೆ ಎಲ್ಲರಿಗೂ ಗೊತ್ತು. ದೊಡ್ಡ ಸಿರಿಂಜಿನಲ್ಲಿ ಕಡುಗೆಂಪು ದ್ರವ. ಸಿಸ್ಟರ್ ಪಕ್ಕದಲ್ಲೇ ಕೂತು ನಿಧಾನಕ್ಕೆ ಒತ್ತುತ್ತಾರೆ, ರಕ್ತನಾಳದಿಂದ ಆಚೆ ಸೋರಿದರೆ ಚರ್ಮ ಬೆಂದುಹೋಗುತ್ತದೆ. “ಕೂದಲು ಹೋಗುತ್ತೆ, ಯೂರಿನ್ ಕೆಂಪಗೆ ಬರುತ್ತೆ, ಗಾಬರಿ ಆಗ್ಬೇಡಿ” ಅಂತ ಮೊದಲೇ ಹೇಳಿಬಿಡುತ್ತಾರೆ. ಹೃದಯಕ್ಕೆ ಪೆಟ್ಟಾಗಬಹುದು ಅನ್ನುವುದೂ ನಾನು ಸಹಿ ಹಾಕಿದ ಒಪ್ಪಿಗೆ ಪತ್ರದಲ್ಲಿ ಇತ್ತು. ಎದೆಯಲ್ಲಿ ಗಡ್ಡೆ ಇಟ್ಟುಕೊಂಡು ಕೂತವರಿಗೆ ಆ ಸಾಲು ದೊಡ್ಡದಾಗಿ ಕಾಣುವುದಿಲ್ಲ. ಗಡ್ಡೆ ಹೋಯಿತು. ನಾನೀಗ ಹೇಳಹೊರಟಿರುವುದು ಆ ಸಾಲಿನ ವಿಷಯ.

ಕೀಮೋ, ಆಪರೇಷನ್, ರೇಡಿಯೇಷನ್ ಎಲ್ಲ ಮುಗಿದು ಶಾಲೆಗೆ ವಾಪಸ್ಸಾಗಿದ್ದೆ. ಬಸವನಗುಡಿ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಡಂ. ಹತ್ತನೇ ಕ್ಲಾಸು ಎರಡನೇ ಮಹಡಿಯಲ್ಲಿ. ಮೆಟ್ಟಿಲು ಹತ್ತಿದ ಮೇಲೆ ವರಾಂಡದಲ್ಲಿ ನಿಂತು ಸುಧಾರಿಸಿಕೊಂಡು ಒಳಗೆ ಹೋಗಬೇಕಾಗುತ್ತಿತ್ತು. ರಾತ್ರಿ ಅಂಗಾತ ಮಲಗಿದರೆ ಒಣಕೆಮ್ಮು, ಎದ್ದು ಕೂತರೆ ನಿಲ್ಲುತ್ತಿತ್ತು. ಒಂದು ದಿಂಬು ಎರಡಾಯಿತು, ಆಮೇಲೆ ದಿವಾನದ ಮೇಲೆ ಗೋಡೆಗೆ ಒರಗಿಕೊಂಡೇ ನಿದ್ದೆ. ಸಂಜೆ ಮನೆಗೆ ಬಂದು ಚಪ್ಪಲಿ ಬಿಟ್ಟರೆ ಪಟ್ಟಿಯ ಗುರುತು ಪಾದದ ಮೇಲೆ ಹಳ್ಳ ಬಿದ್ದಿರುತ್ತಿತ್ತು. ಮನೆಯಲ್ಲಿ ಎಲ್ಲರೂ ಕೀಮೋ ಸುಸ್ತು ಅಂದರು. ಕೆಮ್ಮಿಗೆ ಬೆಂಗಳೂರಿನ ಧೂಳಂತೂ ಇದ್ದೇ ಇದೆಯಲ್ಲ, ಅದರ ತಲೆಗೆ ಕಟ್ಟಿದರು. ಕ್ಯಾನ್ಸರ್ ಡಾಕ್ಟರ ಹತ್ತಿರ ಮಾಮೂಲಿ ಫಾಲೋ ಅಪ್‌ಗೆ ಹೋದಾಗ ಅವರು ಮಾತಾಡುತ್ತಾ ಆಡುತ್ತಾ ಬಗ್ಗಿ ನನ್ನ ಕಣಕಾಲನ್ನು ಹೆಬ್ಬೆರಳಲ್ಲಿ ಒತ್ತಿದರು. ಅವತ್ತೇ ಎಕೋ, ಅಂದರೆ ಹೃದಯದ ಸ್ಕ್ಯಾನ್, ಬರೆದುಕೊಟ್ಟರು.

ಕೀಮೋ ಶುರುವಾಗುವ ಮೊದಲು ಮಾಡಿದ ಎಕೋದಲ್ಲಿ ಎಜೆಕ್ಷನ್ ಫ್ರ್ಯಾಕ್ಷನ್ 62 ಇತ್ತು. ಈಗ 34. ಎಡ ಹೃತ್ಕುಕ್ಷಿಯಲ್ಲಿ ತುಂಬಿಕೊಂಡ ರಕ್ತದಲ್ಲಿ ಪ್ರತಿ ಬಡಿತಕ್ಕೆ ಶೇಕಡಾ ಎಷ್ಟು ಹೊರಗೆ ಹೋಗುತ್ತದೆ ಅನ್ನುವ ಲೆಕ್ಕ ಅದು. 55ರಿಂದ ಮೇಲೆ ಇದ್ದರೆ ಚೆನ್ನ. ಹೃದಯದ ಚಿತ್ರವನ್ನು ಎಷ್ಟೋ ವರ್ಷ ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದವಳಿಗೆ ಆ ಎರಡು ಸಂಖ್ಯೆಗಳ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಬೆಂಗಳೂರಿನಲ್ಲಿ ಹೃದಯ ಅಂದ ತಕ್ಷಣ ಜನರ ಬಾಯಿಗೆ ಬರುವುದು ಬನ್ನೇರುಘಟ್ಟ ರಸ್ತೆಯ ಜಯದೇವ. ನಮ್ಮ ಬಂಧುಬಳಗವೂ ಅದನ್ನೇ ಹೇಳಿತು. ಆದರೆ ನನ್ನ ಕ್ಯಾನ್ಸರ್ ಡಾಕ್ಟರಿಗೆ ಜಯನಗರದಲ್ಲಿ ಪರಿಚಯದ ಹೃದಯ ತಜ್ಞೆಯೊಬ್ಬರಿದ್ದರು. ಇಬ್ಬರೂ ಫೋನಿನಲ್ಲೇ ಮಾತಾಡಿಕೊಂಡು ನನ್ನನ್ನು ಅಲ್ಲಿಗೆ ಕಳಿಸಿದರು. ಆಮೇಲೆ ತಿಂಗಳುಗಟ್ಟಲೆ ನಡೆದದ್ದೆಲ್ಲ ಆ ಡಾಕ್ಟರಮ್ಮನ ಚಿಕ್ಕ ಕೋಣೆಯಲ್ಲಿ, ನನ್ನ ಬಿಪಿ ಪುಸ್ತಕದಲ್ಲಿ, ಮತ್ತು ನಮ್ಮ ಅಡುಗೆಮನೆಯಲ್ಲಿ.

ಕೆಂಪು ಔಷಧ ಹೃದಯಕ್ಕೆ ಏನು ಮಾಡುತ್ತದೆ ಅನ್ನುವುದನ್ನು ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹೃದಯದ ಸ್ನಾಯುಕೋಶದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳೇ ತುಂಬಿರುತ್ತವೆ. ಬಿಡುವಿಲ್ಲದೆ ಬಡಿಯಬೇಕಲ್ಲ, ಅಷ್ಟು ಇಂಧನ ಬೇಕು. ಡಾಕ್ಸೊರುಬಿಸಿನ್ ಅಣು ಅಲ್ಲಿಗೆ ಹೋಗಿ ಅಂಟಿಕೊಳ್ಳುತ್ತದೆ. ಉಸಿರಾಟದ ಸರಪಳಿಯಲ್ಲಿ ಕೈಯಿಂದ ಕೈಗೆ ಸಾಗುತ್ತಿರುವ ಎಲೆಕ್ಟ್ರಾನ್ ಒಂದನ್ನು ಕಸಿದು ಆಮ್ಲಜನಕಕ್ಕೆ ಕೊಡುತ್ತದೆ. ಹಾಗೆ ಹುಟ್ಟುವುದು ಸೂಪರ್‌ಆಕ್ಸೈಡ್, ಸುತ್ತಲಿನ ಕೋಶಭಾಗಗಳನ್ನು ಸುಡುವ ಕಣ. ಕೊಟ್ಟು ಕೈ ಖಾಲಿಯಾದ ಔಷಧ ಮತ್ತೆ ಇನ್ನೊಂದು ಎಲೆಕ್ಟ್ರಾನಿಗೆ ಕೈ ಚಾಚುತ್ತದೆ. ಪಕ್ಕದಲ್ಲಿ ಕಬ್ಬಿಣದ ಅಯಾನು ಇದ್ದರೆ ಇನ್ನೂ ಕ್ರೂರವಾದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. ಈ ಸರಣಿಯ ನಡುವೆ ಬರುವ ಹೈಡ್ರೋಜನ್ ಪೆರಾಕ್ಸೈಡನ್ನು ತಣ್ಣಗೆ ಮಾಡುವ ಕೆಟಲೇಸ್ ಕಿಣ್ವ ಯಕೃತ್ತಿನಲ್ಲಿ ಧಾರಾಳ, ಹೃದಯದಲ್ಲಿ ಬಲು ಕಡಿಮೆ. ಸತ್ತ ಸ್ನಾಯುಕೋಶದ ಜಾಗಕ್ಕೆ ಹೊಸದು ಬರುವುದೂ ಇಲ್ಲವೆನ್ನುವಷ್ಟು ಅಪರೂಪ. 2012ರಲ್ಲಿ ಇನ್ನೊಂದು ದಾರಿಯೂ ಗೊತ್ತಾಯಿತು: ಕ್ಯಾನ್ಸರ್ ಕೋಶದಲ್ಲಿ ಈ ಔಷಧ ಟೊಪೊಐಸೊಮರೇಸ್ ಎಂಬ ಕಿಣ್ವವನ್ನು ಹಿಡಿದು ಡಿಎನ್‌ಎ ಮುರಿಯುತ್ತದೆ. ಆ ಕಿಣ್ವದ ಬೀಟಾ ರೂಪ ಹೃದಯದಲ್ಲಿದೆ, ಅದನ್ನೂ ಬಿಡುವುದಿಲ್ಲ.

ಈ ಹಾನಿ ಒಟ್ಟು ಮೈಗೆ ಸೇರಿದ ಔಷಧದ ಮೇಲೆ ಹೋಗುತ್ತದೆ. ದೇಹದ ಮೇಲ್ಮೈಯ ಒಂದು ಚದರ ಮೀಟರಿಗೆ 400 ಮಿಲಿಗ್ರಾಂ ಆದಾಗ ಹೃದಯ ಸೋಲುವವರು ಶೇಕಡಾ 5ರ ಆಸುಪಾಸು, 550 ಆದಾಗ 26, 700 ಆದಾಗ 48 ಎಂದು 2003ರಲ್ಲಿ ಪ್ರಕಟವಾದ ಲೆಕ್ಕ. ನನ್ನದು ಒಟ್ಟು 240. ಅಪಾಯದ ಗೆರೆಯಿಂದ ಬಹಳ ಕೆಳಗೆ. ಆದರೆ ಗೆರೆ ಹಾಕುವುದು ಸಾವಿರ ಜನರನ್ನು ನೋಡಿ. ನನಗೆ ಮೊದಲಿಂದ ಬಿಪಿ ಇತ್ತು, ರೇಡಿಯೇಷನ್ ಬಿದ್ದದ್ದು ಎಡಗಡೆ.

ಇಷ್ಟು ಓದಿಕೊಂಡು ನಾನು ಡಾಕ್ಟರಮ್ಮನ ಮುಂದೆ ಕೂತಾಗ, ಔಷಧ ನಿಂತುಹೋಗಿದೆ, ಬೆಂಕಿ ಆರಿದೆ, ಇನ್ನು ಸುಟ್ಟ ಜಾಗ ಮಾಯುವುದಷ್ಟೇ ಬಾಕಿ ಅಂದುಕೊಂಡಿದ್ದೆ. ಅವರು ಚೀಟಿ ಪುಸ್ತಕದ ಹಿಂಬದಿಯಲ್ಲಿ ಒಂದು ಬಾಣ, ಅದರಿಂದ ಇನ್ನೊಂದು ಬಾಣ, ಸುತ್ತಿ ಬಂದು ಮೊದಲನೆಯದಕ್ಕೇ ತಾಗುವ ಮೂರನೆಯ ಬಾಣ ಹಾಕಿದರು. “ಮೇಡಂ, ನೀವು ಸೈನ್ಸ್ ಟೀಚರ್ ಅಂತೀರಿ, ಇದನ್ನ ನೋಡಿ. ಹಾರ್ಟ್ ಸ್ವಲ್ಪ ಕಮ್ಮಿ ಪಂಪ್ ಮಾಡ್ತು. ಬಾಡಿ ಏನಂದ್ಕೊಳ್ಳುತ್ತೆ? ಎಲ್ಲೋ ರಕ್ತ ಸುರಿದುಹೋಗ್ತಿದೆ ಅಂದ್ಕೊಳ್ಳುತ್ತೆ.” ರಕ್ತಸ್ರಾವಕ್ಕೆ ದೇಹ ಏನು ಮಾಡುತ್ತದೋ ಅದನ್ನೇ ಇಲ್ಲೂ ಮಾಡುತ್ತದೆ. ಅಡ್ರಿನಲಿನ್, ನಾರ್‌ಅಡ್ರಿನಲಿನ್ ಏರಿಸಿ ಬಡಿತ ಜೋರು ಮಾಡುತ್ತದೆ. ಮೂತ್ರಪಿಂಡ ರೆನಿನ್ ಸುರಿಸುತ್ತದೆ, ಅದರಿಂದ ಆಂಜಿಯೊಟೆನ್ಸಿನ್, ರಕ್ತನಾಳ ಬಿಗಿ. ಆಮೇಲೆ ಆಲ್ಡೊಸ್ಟಿರೋನ್, ಉಪ್ಪು ನೀರು ಎರಡನ್ನೂ ಹಿಡಿದಿಡುತ್ತದೆ. ಗಾಯಗೊಂಡ ಬೇಟೆಗಾರನಿಗೆ ಒಂದು ರಾತ್ರಿಯ ಮಟ್ಟಿಗೆ ಇದು ಜೀವ ಉಳಿಸುವ ಏರ್ಪಾಡು. ತಿಂಗಳುಗಟ್ಟಲೆ ನಡೆದರೆ ಅದೇ ವಿಷ. ಆಂಜಿಯೊಟೆನ್ಸಿನ್ ಕೋಶದ ಪೊರೆಯಲ್ಲಿರುವ ಒಂದು ಕಿಣ್ವವನ್ನು ಎಬ್ಬಿಸುತ್ತದೆ, ಆ ಕಿಣ್ವದ ಕೆಲಸವೇ ಸೂಪರ್‌ಆಕ್ಸೈಡ್ ತಯಾರಿಸುವುದು. ಅದು ರಕ್ತನಾಳ ಸಡಿಲಿಸುವ ನೈಟ್ರಿಕ್ ಆಕ್ಸೈಡನ್ನು ತಿಂದುಹಾಕುತ್ತದೆ. ಅಡ್ರಿನಲಿನ್ ಕೋಶಕ್ಕೆ ಕ್ಯಾಲ್ಸಿಯಂ ನುಗ್ಗಿಸಿ ದಣಿದ ಮೈಟೊಕಾಂಡ್ರಿಯಾವನ್ನು ಇನ್ನೂ ದುಡಿಸುತ್ತದೆ, ಅಲ್ಲೂ ಎಲೆಕ್ಟ್ರಾನ್ ಸೋರುತ್ತದೆ. ಅಂದರೆ ಕೆಂಪು ಔಷಧ ಮೈಬಿಟ್ಟು ಹೋದ ಮೇಲೂ ಅದು ಮಾಡುತ್ತಿದ್ದ ಕೆಲಸವನ್ನು ನನ್ನ ದೇಹವೇ ಮುಂದುವರಿಸುತ್ತಿತ್ತು, ನನಗೆ ಸಹಾಯ ಮಾಡುತ್ತಿದ್ದೇನೆ ಅಂದುಕೊಂಡು.

ಈ ಮಾತು ಮನೆಯಲ್ಲಿ ಹರಡಿತು. ಇಂಥ ಸುಡುವ ಕಣಗಳ ಹಾವಳಿಗೆ ಹೇಳುವ ‘ಆಕ್ಸಿಡೇಟಿವ್ ಸ್ಟ್ರೆಸ್’ ಅನ್ನುವ ಪದ ಕಿವಿಗೆ ಬಿದ್ದದ್ದೇ ತಡ, ನನ್ನ ನಾದಿನಿ ರಾಜಾಜಿನಗರದಿಂದ ಒಂದು ಚೀಲ ಹಿಡಿದುಕೊಂಡು ಬಂದಳು. ವಿಟಮಿನ್ ಇ ಕ್ಯಾಪ್ಸೂಲು, ದ್ರಾಕ್ಷಿ ಬೀಜದ ಸಾರ, ಕೋಎನ್‌ಜೈಮ್ ಕ್ಯೂ10, ಜೊತೆಗೆ ಹೊಳೆಮತ್ತಿ ತೊಗಟೆಯ ಪುಡಿ. “ಅತ್ತಿಗೆ, ಆಕ್ಸಿಡೇಷನ್ ಆಗಿದೆ ಅಂದ್ಮೇಲೆ ಆಂಟಿ ಆಕ್ಸಿಡೆಂಟ್ ತಗೊಂಡ್ರೆ ಸರಿಹೋಗುತ್ತೆ ಅಲ್ವಾ? ಇದಕ್ಕೆ ಡಾಕ್ಟರ್ ಯಾಕೆ?” ತರ್ಕದಲ್ಲಿ ತಪ್ಪು ಹುಡುಕುವುದು ಸುಲಭವಿರಲಿಲ್ಲ. ಆಮ್ಲಕ್ಕೆ ಪ್ರತ್ಯಾಮ್ಲ ಹಾಕಿ ತಟಸ್ಥ ಮಾಡುವುದನ್ನು ಕಲಿಸುವವಳೇ ನಾನು.

ಚೀಲವನ್ನು ಹಾಗೇ ಡಾಕ್ಟರಮ್ಮನ ಮೇಜಿನ ಮೇಲೆ ಇಟ್ಟೆ. ಅವರು ನಗಲಿಲ್ಲ, ಬೈಯಲೂ ಇಲ್ಲ. ಒಂದೊಂದನ್ನೇ ಎತ್ತಿ ನೋಡಿದರು. ಈ ಯೋಚನೆ ವಿಜ್ಞಾನಿಗಳಿಗೂ ಬಂದಿತ್ತು, ದುಡ್ಡು ಖರ್ಚು ಮಾಡಿ ಪರೀಕ್ಷೆಯನ್ನೂ ಮಾಡಿದ್ದರು ಅಂತ ಹೇಳಿದರು. ಡಾಕ್ಸೊರುಬಿಸಿನ್ ಜೊತೆಗೆ ವಿಟಮಿನ್ ಇ ಕೊಟ್ಟು ನೋಡಿದ್ದಾರೆ, ಇಲಿಗಳಲ್ಲಿ ಆಸೆ ಹುಟ್ಟಿಸಿದ್ದು ಮನುಷ್ಯರಲ್ಲಿ ಹೃದಯ ಕಾಪಾಡಲಿಲ್ಲ. ಹೃದ್ರೋಗವೋ ಸಕ್ಕರೆ ಕಾಯಿಲೆಯೋ ಇದ್ದ 55 ದಾಟಿದವರಿಗೆ ವರ್ಷಗಟ್ಟಲೆ ದಿನಾ 400 ಯೂನಿಟ್ ವಿಟಮಿನ್ ಇ ಕೊಟ್ಟ ಹೋಪ್ ಅಧ್ಯಯನದ ಮುಂದುವರಿದ ಭಾಗ 2005ರಲ್ಲಿ ಬಂತು. ಅದರಲ್ಲಿ ಹೃದಯ ಸೋಲುವುದು ಕಡಿಮೆಯಾಗುವುದಿರಲಿ, ಶೇಕಡಾ 13ರಷ್ಟು ಹೆಚ್ಚೇ ಆಗಿತ್ತು. ಯೂರಿಕ್ ಆಮ್ಲದ ದಾರಿಯಲ್ಲಿ ಹುಟ್ಟುವ ರ‍್ಯಾಡಿಕಲ್‌ಗಳನ್ನು ತಡೆಯಲು ಅಲೋಪ್ಯೂರಿನಾಲ್ ಕೊಟ್ಟು ನೋಡಿದರು, ಅದೂ ಕೈ ಹಿಡಿಯಲಿಲ್ಲ. ಕ್ಯೂ10 ಬಗ್ಗೆ ಮಾತ್ರ 2014ರ ಒಂದು ಅಧ್ಯಯನ ಒಳ್ಳೆಯ ಮಾತು ಹೇಳಿದೆ. ಅದರಲ್ಲಿದ್ದವರು 420 ಜನ, ದೊಡ್ಡ ಪರೀಕ್ಷೆ ಆಗಬೇಕು, ಆಸೆಯಿದ್ದರೆ ತಗೊಳ್ಳಿ, ಆದರೆ ಇದನ್ನು ನಂಬಿ ನಾನು ಬರೆಯುವ ಮಾತ್ರೆ ಬಿಡಬೇಡಿ ಅಂದರು. ಹೊಳೆಮತ್ತಿ ಪುಡಿಯನ್ನು, ಇಷ್ಟೊಂದು ಮಾತ್ರೆಗಳ ಡೋಸು ಏರಿಸುತ್ತಿರುವಾಗ ಬೇಡವೇ ಬೇಡ ಅಂತ ಪಕ್ಕಕ್ಕಿಟ್ಟರು.

ನಾದಿನಿಗೆ ನಾನು ಹೇಳಿದ್ದು ಹೀಗೆ: “ಹಾಲು ಉಕ್ಕಿ ಬರುವಾಗ ನೀರು ಚಿಮುಕಿಸಿದ್ರೆ ಒಂದ್ ಗಳಿಗೆ ಇಳಿಯುತ್ತೆ ಕಣೇ. ಒಲೆ ಸಣ್ಣ ಮಾಡ್ದೆ ಎಷ್ಟೊತ್ತು ಚಿಮುಕಿಸ್ತಾ ನಿಂತಿರ್ತೀಯ?” ಆಕೆ ಒಪ್ಪಿದಳೋ ಇಲ್ಲವೋ, ದ್ರಾಕ್ಷಿ ಬೀಜದ ಡಬ್ಬಿ ವಾಪಸ್ ತಗೊಂಡು ಹೋದಳು.

ಒಲೆ ಸಣ್ಣ ಮಾಡುವ ಮಾತ್ರೆಗಳು ನಾಲ್ಕು. ಸಕ್ಯುಬಿಟ್ರಿಲ್ ಮತ್ತು ವಲ್ಸಾರ್ಟನ್ ಕೂಡಿದ್ದು ಒಂದು: ಆಂಜಿಯೊಟೆನ್ಸಿನ್ ಬಾಗಿಲು ಮುಚ್ಚುತ್ತದೆ, ಹೃದಯ ತಾನೇ ಸುರಿಸುವ ಒಳ್ಳೆಯ ಹಾರ್ಮೋನು ಬೇಗ ಒಡೆದುಹೋಗದಂತೆ ನೋಡಿಕೊಳ್ಳುತ್ತದೆ. ಅಡ್ರಿನಲಿನ್ ತಡೆಯಲು ಕಾರ್ವೆಡಿಲಾಲ್. ಆಲ್ಡೊಸ್ಟಿರೋನ್ ತಡೆಯಲು ಸಾಮಾನ್ಯವಾಗಿ ಸ್ಪೈರನೊಲ್ಯಾಕ್ಟೋನ್ ಕೊಡುತ್ತಾರೆ. ಅದು ಲೈಂಗಿಕ ಹಾರ್ಮೋನುಗಳ ಗ್ರಾಹಕಗಳನ್ನೂ ತಟ್ಟುತ್ತದೆ, ಗಂಡಸರಿಗೆ ಎದೆ ಊದಿಕೊಳ್ಳುವುದು ಅದರಿಂದಲೇ. ನನ್ನ ಕ್ಯಾನ್ಸರಿನ ಚರಿತ್ರೆ ನೋಡಿ ಅದರ ಬದಲು ಎಪ್ಲೆರಿನೋನ್ ಬರೆದರು. ನಾಲ್ಕನೆಯದು ಡಪಾಗ್ಲಿಫ್ಲೋಜಿನ್. ನನಗೆ ಸಕ್ಕರೆ ಕಾಯಿಲೆ ಇಲ್ಲ, ಇದು ಸಕ್ಕರೆ ಮಾತ್ರೆ ಅಂತ ಮೆಡಿಕಲ್ ಸ್ಟೋರಿನ ಹುಡುಗ ಎರಡು ಸಲ ಚೀಟಿ ತಿರುಗಿಸಿ ನೋಡಿದ. 2019ರ ದೊಡ್ಡ ಪರೀಕ್ಷೆಯಲ್ಲಿ ಇದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೂ ಸಕ್ಕರೆ ಇರಲಿಲ್ಲ, ಅವರಿಗೂ ಉಪಯೋಗವಾಗಿತ್ತು. ಹೇಗೆ ಉಪಯೋಗವಾಗುತ್ತದೆ ಅನ್ನುವುದಕ್ಕೆ ತಜ್ಞರಲ್ಲೇ ಇನ್ನೂ ವಾದ ಮುಗಿದಿಲ್ಲ. ಇವುಗಳ ಜೊತೆಗೆ ನೀರಿಳಿಸಲು ಟಾರ್ಸೆಮೈಡ್. ಮೊದಲ ವಾರ ಕಾಲಿನ ಊತ ಇಳಿದು, ಅಂಗಾತ ಮಲಗಿ ನಿದ್ದೆ ಮಾಡಿದ್ದು ಟಾರ್ಸೆಮೈಡಿನ ಪುಣ್ಯ. ಹಾಯೆನಿಸುವುದು ಅದರಿಂದ, ಆಯಸ್ಸು ಬೆಳೆಸುವುದು ಉಳಿದ ನಾಲ್ಕು, ಅಂತ ಡಾಕ್ಟರಮ್ಮ ಎಚ್ಚರಿಸಿದರು. ರೋಗಿಗಳು ನಿಲ್ಲಿಸುವುದು ಮಾತ್ರ ಆ ನಾಲ್ಕನ್ನೇ.

ನಿಜವಾದ ಪಾಡು ಡೋಸು ಏರಿಸುವುದರಲ್ಲಿ. ಕಾರ್ವೆಡಿಲಾಲ್ ಶುರುವಾಗುವುದು 3.125 ಮಿಲಿಗ್ರಾಮಿನಿಂದ, ಬೆಳಿಗ್ಗೆ ಒಂದು ರಾತ್ರಿ ಒಂದು, ತಿಂಡಿ ಊಟದ ಜೊತೆಗೇ. ಮೈ ಒಗ್ಗಿದರೆ ಎರಡು ವಾರಕ್ಕೆ ದುಪ್ಪಟ್ಟು. ಗುರಿ 25. ಪುಸ್ತಕದಲ್ಲಿ ಓದಲು ಸರಾಗ. ಮೊದಲ ಡೋಸಿನ ವಾರಗಳಲ್ಲಿ ನಾನು ಮೊದಲಿಗಿಂತ ಹೆಚ್ಚು ಸುಸ್ತಾದೆ. ನಾಡಿ 58ಕ್ಕೆ ಇಳಿಯಿತು, ಪಾಠದ ಮಧ್ಯೆ ಕುರ್ಚಿ ಎಳೆದುಕೊಂಡು ಕೂರಬೇಕಾಯಿತು. ಸೋತ ಹೃದಯಕ್ಕೆ ಕಡಿವಾಣ ಹಾಕುವ ಔಷಧ ಯಾಕೆ ಅಂತ ನನ್ನ ಯಜಮಾನರು ಡಾಕ್ಟರಮ್ಮನನ್ನೇ ಕೇಳಿದರು. ಈ ಪ್ರಶ್ನೆಗೆ ವೈದ್ಯಲೋಕವೇ ಬಹಳ ವರ್ಷ ತಪ್ಪು ಉತ್ತರ ಇಟ್ಟುಕೊಂಡಿತ್ತು. ಕಾರ್ವೆಡಿಲಾಲಿನಂಥ ಬೀಟಾ ಬ್ಲಾಕರ್ ಅಂದರೆ ಹೃದಯ ಸೋತವರಿಗೆ ನಿಷಿದ್ಧ ಅಂತಲೇ ಕಲಿಸುತ್ತಿದ್ದರು. 1975ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ವಾಗ್‌ಸ್ಟೀನ್ ಮತ್ತು ಅವರ ಜೊತೆಗಾರರು ಬೆರಳೆಣಿಕೆಯ ರೋಗಿಗಳಿಗೆ ಕೊಟ್ಟು ಸುಧಾರಿಸಿದ್ದನ್ನು ವರದಿ ಮಾಡಿದರು, ಹೆಚ್ಚಿನವರು ನಂಬಲಿಲ್ಲ. 1999ರಲ್ಲಿ ಅದೇ ಜಾತಿಯ ಬೈಸೊಪ್ರೊಲಾಲ್ ಪರೀಕ್ಷೆಯಲ್ಲಿ ಸಾವುಗಳು ಶೇಕಡಾ 34ರಷ್ಟು ಇಳಿದ ಮೇಲೆ ನಂಬದೆ ವಿಧಿಯಿರಲಿಲ್ಲ. ಕಾಲು ಶತಮಾನ ಬೇಕಾಯಿತು. ಕಾರ್ವೆಡಿಲಾಲ್ ಅಣುವಿಗೆ ಸ್ವತಃ ರ‍್ಯಾಡಿಕಲ್ ಹಿಡಿಯುವ ಗುಣವೂ ಇದೆ ಅಂತ ಓದಿ ನನಗೆ ಖುಷಿಯಾಗಿತ್ತು. ಬೈಸೊಪ್ರೊಲಾಲಿಗೆ ಆ ಹೆಗ್ಗಳಿಕೆ ಇಲ್ಲ, ಅದೂ ಜೀವ ಉಳಿಸುತ್ತದೆ. ಹಾಗಾಗಿ ಆ ಗುಣಕ್ಕೆ ಹೆಚ್ಚು ಬೆಲೆ ಕೊಡುವುದನ್ನು ಬಿಟ್ಟೆ.

ಬಿಪಿ ಇನ್ನೊಂದು ತಕರಾರು. ಸಕ್ಯುಬಿಟ್ರಿಲ್ ಜೋಡಿ ಮಾತ್ರೆಯನ್ನು 50ರಿಂದ 100ಕ್ಕೆ ಏರಿಸಿದಾಗ ನನ್ನ ಬಿಪಿ 92ಕ್ಕೆ 58. ದೇವರ ಮುಂದೆ ನೆಲದಲ್ಲಿ ಕೂತು ಎದ್ದರೆ ಕಣ್ಣು ಕತ್ತಲೆ. ಏರಿಸುವುದು ನಿಲ್ಲಿಸುತ್ತಾರೆ ಅಂದುಕೊಂಡಿದ್ದೆ. ಡಾಕ್ಟರಮ್ಮ ಬಿಪಿ ಪುಸ್ತಕ ನೋಡಿ ಟಾರ್ಸೆಮೈಡನ್ನು ಅರ್ಧಕ್ಕೆ ಇಳಿಸಿದರು, ಮೊದಲೇ ತಗೊಳ್ಳುತ್ತಿದ್ದ ಬಿಪಿ ಮಾತ್ರೆಯನ್ನು ಪೂರ್ತಿ ಕಿತ್ತುಹಾಕಿದರು, ಎರಡು ಮುಖ್ಯ ಮಾತ್ರೆಗಳ ನಡುವೆ ಎರಡು ಗಂಟೆ ಅಂತರ ಇಟ್ಟರು. ಬೇಡದ್ದು ಇಳಿದರೆ ಬೇಕಾದ್ದಕ್ಕೆ ಜಾಗವಾಗುತ್ತದೆ. “ನಂಬರ್ ನೋಡಿ ನಾನು ಹೆದರಲ್ಲ. ತಲೆ ಸುತ್ತಿದ್ರೆ, ಕ್ರಿಯಾಟಿನಿನ್ ಏರಿದ್ರೆ ಹೇಳಿ” ಅಂದರು. ಕ್ರಿಯಾಟಿನಿನ್ ಅಂದರೆ ಮೂತ್ರಪಿಂಡ ಹೇಗಿದೆ ಅಂತ ತೋರಿಸುವ ರಕ್ತದ ಅಂಕಿ. 100ರಲ್ಲೇ ಬಹಳ ದಿನ ಇದ್ದೆವು. 200 ನನಗೆ ಇವತ್ತಿಗೂ ಒಗ್ಗಿಲ್ಲ.

ಎಪ್ಲೆರಿನೋನಿನ ಕಾಟ ಬೇರೆ ಥರದ್ದು, ಅದು ಪೊಟ್ಯಾಸಿಯಂ ಹಿಡಿದಿಡುತ್ತದೆ. 3.5ರಿಂದ 5ರ ಒಳಗೆ ಇರಬೇಕು, ಮಿತಿ ಮೀರಿದರೆ ಹೃದಯದ ಲಯವೇ ತಪ್ಪುತ್ತದೆ. ಕೀಮೋ ಕಾಲದಿಂದ ನನಗೆ ದಿನಾ ಎಳನೀರು ಕುಡಿಯುವ ಅಭ್ಯಾಸ, ಗಾಂಧಿ ಬಜಾರಿನ ಎಳನೀರಿನವನು ನಾನು ಕಂಡರೆ ಸಾಕು, ಕೇಳದೆ ಕೆತ್ತುತ್ತಿದ್ದ. ಎಳನೀರು ಪೊಟ್ಯಾಸಿಯಂನ ಗಣಿ. ರಕ್ತ ಪರೀಕ್ಷೆಯಲ್ಲಿ 5.4 ಬಂದಾಗ ಡಾಕ್ಟರಮ್ಮ ಮೊದಲು ಕೇಳಿದ್ದೇ “ಎಳನೀರು ಎಷ್ಟು?” ಅಂತ. ಎರಡನೆಯ ಪ್ರಶ್ನೆ ಉಪ್ಪಿನದು. ಸೋಡಿಯಂ ಕಡಿಮೆ ಇರಲಿ ಅಂತ ಮಗಳು ಸೂಪರ್‌ಮಾರ್ಕೆಟ್ಟಿನಿಂದ ಲೋ ಸೋಡಿಯಂ ಉಪ್ಪು ತಂದಿದ್ದಳು. ಅದರಲ್ಲಿ ಸೋಡಿಯಂ ಕಳೆದ ಜಾಗಕ್ಕೆ ಹಾಕಿರುವುದು ಪೊಟ್ಯಾಸಿಯಂ ಕ್ಲೋರೈಡ್! ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದೇ ಇತ್ತು. ಅದನ್ನು ಬಿಟ್ಟು ಮಾಮೂಲಿ ಉಪ್ಪನ್ನೇ ಕಡಿಮೆ ಹಾಕತೊಡಗಿದೆವು. ದಿನಕ್ಕೆ ಎಲ್ಲ ಸೇರಿ ಒಂದು ಟೀ ಚಮಚ ಮೀರಬಾರದು. ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಹೋದವು. ದರ್ಶಿನಿಗೆ ಹೋದರೆ ಇಡ್ಲಿ ಸಾಕು, ಸಾಂಬಾರ್ ಬೇಡ. ಕಡಲೆಕಾಯಿ ಪರಿಷೆಯಲ್ಲಿ ಉಪ್ಪು ಹಾಕಿ ಬೇಯಿಸಿದ್ದರ ಮುಂದೆ ನಿಂತು ಹುರಿದದ್ದನ್ನು ಕೊಂಡುಕೊಂಡೆ. ಅದಕ್ಕೆ ನನಗೆ ಇನ್ನೂ ಬೇಜಾರಿದೆ.

ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದು, ಕಾಫಿಗೆ ಮುಂಚೆ, ತೂಕ ನೋಡಿ ಬರೆಯಬೇಕು. ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಅದು ಕೊಬ್ಬಲ್ಲ, ನೀರು, ಫೋನು ಮಾಡಬೇಕು. ಡಪಾಗ್ಲಿಫ್ಲೋಜಿನ್ ಸಕ್ಕರೆಯನ್ನು ಮೂತ್ರದಲ್ಲಿ ಬಿಡಿಸುತ್ತದೆ, ಹಾಗಾಗಿ ಶಿಲೀಂಧ್ರದ ತುರಿಕೆ ಬರಬಹುದು, ಶುಚಿಯಾಗಿ ಒಣಗಿಸಿಕೊಳ್ಳಬೇಕು. ಇದನ್ನು ಹೆಣ್ಣು ಡಾಕ್ಟರ್ ಆದ್ದರಿಂದ ಅವರು ನೇರವಾಗಿ ಹೇಳಿದರು, ನಾನು ನೇರವಾಗಿ ಕೇಳಿದೆ. ವಾಂತಿ ಭೇದಿ ಆದ ದಿನ, ನಿರಾಹಾರ ಉಪವಾಸದ ದಿನ ಆ ಮಾತ್ರೆ ಬೇಡ. ಏಕಾದಶಿ ಮಾಡುವ ನಮ್ಮ ಅತ್ತೆಯವರು “ಹಾಗಾದ್ರೆ ಉಪವಾಸ ಬಿಡು, ಮಾತ್ರೆ ತಗೋ” ಅಂದುಬಿಟ್ಟರು. ಅವರ ಬಾಯಲ್ಲಿ ಆ ಮಾತು ಬಂದದ್ದು ಸಣ್ಣ ವಿಷಯವಲ್ಲ.

ಖರ್ಚಿನ ಮಾತು. ಡಪಾಗ್ಲಿಫ್ಲೋಜಿನ್ ಪೇಟೆಂಟ್ ನಮ್ಮಲ್ಲಿ 2020ರಲ್ಲಿ ಮುಗಿಯಿತು, ಸಕ್ಯುಬಿಟ್ರಿಲ್ ಜೋಡಿಯದ್ದು 2023ರಲ್ಲಿ. ಆಮೇಲೆ ಹಲವು ಕಂಪನಿಗಳು ತಯಾರಿಸತೊಡಗಿ ಬೆಲೆ ಬಿತ್ತು. ಅದಕ್ಕೂ ಮುಂಚೆ ಈ ಕಾಯಿಲೆ ಬಂದಿದ್ದರೆ ನಮ್ಮ ಸಂಬಳದಲ್ಲಿ ನಾಲ್ಕನ್ನೂ ತಗೊಳ್ಳುವುದು ಕಷ್ಟವಿತ್ತು.

ಒಂದು ಸೂಕ್ಷ್ಮ ಲ್ಯಾಬಿನದು. ಹೃದಯದ ಮೇಲಿನ ಒತ್ತಡ ಅಳೆಯಲು ಬಿಎನ್‌ಪಿ, ಎನ್‌ಟಿ ಪ್ರೋಬಿಎನ್‌ಪಿ ಅಂತ ಎರಡು ಪರೀಕ್ಷೆಗಳಿವೆ. ಸಕ್ಯುಬಿಟ್ರಿಲ್ ತಗೊಳ್ಳುವವರಲ್ಲಿ ಬಿಎನ್‌ಪಿ ಒಡೆಯುವುದೇ ನಿಧಾನವಾಗುವುದರಿಂದ ಅದರ ಅಂಕಿ ಸುಮ್ಮನೆ ಏರಿ ಹೆದರಿಸಬಹುದು. ಚೀಟಿಯಲ್ಲಿ ಎರಡನೆಯದೇ ಬರೆದಿದೆಯಾ ನೋಡಿಕೊಂಡು ರಕ್ತ ಕೊಡುವುದು ಒಳ್ಳೆಯದು.

ಮಿಲಾನಿನ ವೈದ್ಯರು 2010ರಲ್ಲಿ ಇಂಥದೇ 201 ರೋಗಿಗಳ ವಿವರ ಪ್ರಕಟಿಸಿದ್ದರು. ಕೀಮೋ ಮುಗಿದ ಎರಡು ತಿಂಗಳೊಳಗೆ ಹೃದಯದ ಮಾತ್ರೆ ಶುರುವಾದವರಲ್ಲಿ ಶೇಕಡಾ 64 ಜನ ಪೂರ್ತಿ ಚೇತರಿಸಿಕೊಂಡರು, ಆರು ತಿಂಗಳು ದಾಟಿದವರಲ್ಲಿ ಪೂರ್ತಿ ಚೇತರಿಸಿಕೊಂಡವರು ಯಾರೂ ಇಲ್ಲ. ನಾನು ಇವೆರಡರ ನಡುವಿನವಳು. ಕೆಂಪು ಔಷಧ ತಗೊಂಡವರು ಉಬ್ಬಸವೋ ಊತವೋ ಬರಲಿ ಅಂತ ಕಾಯದೆ, ಮುಗಿದ ಮೇಲೂ ಎಕೋ ಯಾವಾಗ ಅಂತ ಕೇಳಬೇಕು ಅನ್ನುವುದು ಇದರಿಂದಲೇ. ನನ್ನ ಅಂಕಿ ಮೊದಲು 41 ಆಯಿತು, ಆಮೇಲೆ 49. ಕೃಷ್ಣರಾವ್ ಪಾರ್ಕಿನಲ್ಲಿ ಈಗ ಮಾತಾಡುತ್ತಲೇ ಸುತ್ತು ಹಾಕುತ್ತೇನೆ.

49 ಬಂದ ದಿನ ಮಾತ್ರೆ ಬಿಡಬಹುದಾ ಅಂತ ಕೇಳಿದೆ. ಟ್ರೆಡ್ ಎಚ್‌ಎಫ್ ಅಂತ ಒಂದು ಪರೀಕ್ಷೆಯ ಕಥೆ ಹೇಳಿದರು. ಹೃದಯ ಹಿಗ್ಗಿ ಸೋತು, ಮಾತ್ರೆಯಿಂದ ಚೇತರಿಸಿಕೊಂಡು, ಎಕೋ ನೆಟ್ಟಗಾದವರಿಗೇ ಬ್ರಿಟನ್ನಿನಲ್ಲಿ ಒಂದೊಂದಾಗಿ ಮಾತ್ರೆ ನಿಲ್ಲಿಸಿ ನೋಡಿದರು. ಆರು ತಿಂಗಳೊಳಗೆ ಶೇಕಡಾ 44 ಜನರ ಹೃದಯ ಮತ್ತೆ ಸೋಲತೊಡಗಿತು. “ಅವರಲ್ಲಿ ಹೆಚ್ಚಿನವರಿಗೆ ಕೀಮೋ ಆಗಿರ್ಲಿಲ್ಲ, ನಿಮಗೆ ಆಗಿದೆ. ನಾನು ಬಿಡ್ಸಲ್ಲ” ಅಂದರು. ಟಾರ್ಸೆಮೈಡ್ ಒಂದನ್ನು ನಿಲ್ಲಿಸಿದರು.

ಈಗ ಉಳಿದಿರುವ ತಲೆನೋವು ಮಂಡಿಯದು. ಕ್ಯಾನ್ಸರ್ ಮರಳದಿರಲಿ ಅಂತ ದಿನಾ ತಗೊಳ್ಳುವ ಲೆಟ್ರೊಜೋಲ್ ಕೀಲುಗಳನ್ನು ಹಿಂಡುತ್ತದೆ. ಆ ನೋವಿಗೆ ಎಲ್ಲರೂ ನುಂಗುವ ಡೈಕ್ಲೊಫಿನಾಕ್, ಐಬುಪ್ರೊಫೆನ್ ನನಗೆ ನಿಷಿದ್ಧ, ಅವು ಉಪ್ಪು ನೀರು ಹಿಡಿದಿಟ್ಟು ಮೂತ್ರಪಿಂಡದ ಮೇಲೆ ಕೂರುತ್ತವೆ. ಪ್ಯಾರಾಸಿಟಮಾಲ್ ಅರ್ಧ ನೋವು ಕಳೆಯುತ್ತದೆ. ಲೆಟ್ರೊಜೋಲ್ ಬದಲು ಬೇರೆ ಮಾತ್ರೆ ಕೊಡಬಹುದಾ ಅಂತ ಹೃದಯದ ಡಾಕ್ಟರಮ್ಮ ಕ್ಯಾನ್ಸರ್ ಡಾಕ್ಟರಿಗೆ ಕಾಗದ ಬರೆದಿದ್ದಾರೆ, ಅವರ ಉತ್ತರ ಬರಬೇಕು.